ಸೋಮವಾರದ ಗುಳಿಗೆ

ಆಗ ನನಗೆ ಅರವತ್ತಕ್ಕೆ ಒಂದೆರಡು ಕಡಿಮೆ ಇದ್ದಿರಬೇಕು. ಅದಾಗಿ ಹನ್ನೆರಡು ಮಳೆಗಾಲ ಕಳೆದವು. ಹುಟ್ಟಿದ ವರ್ಷ ಬರೆದಿಟ್ಟವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ಕಾರ್ಡಿನಲ್ಲಿ ಇರುವುದು ಕಾರ್ಡು ಮಾಡುವ ಹುಡುಗ ನನ್ನ ಮುಖ ನೋಡಿ ಹಾಕಿದ್ದು. ನನ್ನ ಮುಖ ನೋಡಿ ಹಾಕಿದರೆ ಜಾಸ್ತಿಯೇ ಆಗುತ್ತದೆ. ಇರಲಿ.

ಮೊನ್ನೆ ಪಕ್ಕದ ಖೋಲಿಯವರು ಮಳೆ ಹಿಡಿಯುವ ಮೊದಲು ಮಾಡಿನ ಮೇಲೆ ಹೊಸ ನೀಲಿ ತಾಡಪತ್ರಿ ಹೊದಿಸಿದರು. ಹೊಸ ತಾಡಪತ್ರಿಗೆ ಒಂದು ವಾಸನೆ ಇರುತ್ತದೆ, ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನದು. ಮೂಗಿನಲ್ಲಿ ಹೋಗಿ ಕುಳಿತರೆ ತಿನ್ನುವ ಅನ್ನಕ್ಕೂ ಅದೇ ವಾಸನೆ. ಅದು ಬಂದದ್ದೇ ತಡ, ಸಾಂಕೋಲೆಯ ಆ ಶೆಡ್ಡು, ನಾವು ಊರಿಗೆ ಹೋಗದೆ ಉಳಿದ ಆ ಮಳೆಗಾಲ ಎದುರಿಗೆ ಬಂದು ನಿಂತಿತು.

ನಾವು ವಿಜಯಪುರ ಜಿಲ್ಲೆಯವರು. ನಾನು ಗಂಗವ್ವ, ನಮ್ಮ ಮುದುಕ ಮಲ್ಲಪ್ಪ. ಗೋವಾಕ್ಕೆ ಬಂದು ಆಗಲೇ ಬಹಳ ವರ್ಷಗಳಾಗಿದ್ದವು. ಸಾಂಕೋಲೆಯ ಫ್ಯಾಕ್ಟರಿಗಳ ಹಿಂದೆ ದೊಡ್ಡ ಕಟ್ಟಡ ಏಳುತ್ತಿತ್ತು. ನಾನು ಅಲ್ಲಿ ಖಡಿ, ಉಸುಕು ಹೊರುತ್ತಿದ್ದೆ. ಮುದುಕನ ಸೊಂಟ ಹೋಗಿತ್ತು, ಅವನಿಗೆ ಸಿಮೆಂಟಿನ ಕೋಣೆ ಕಾಯುವ ಕೆಲಸ. ನಮ್ಮ ಜೊತೆ ಮೊಮ್ಮಗಳು ನೀಲಾ. ಒಂಬತ್ತು ತುಂಬಿತ್ತು, ನೋಡಿದವರು ಆರು ಅನ್ನುತ್ತಿದ್ದರು. ಅವಳ ಅಪ್ಪ ಸಾಂಗೆ ಕಡೆ ಗಣಿಯ ಟ್ರಕ್ಕು ಓಡಿಸುತ್ತಿದ್ದ. ಮೊದಲು ಅವನು ಕೆಮ್ಮಿ ಕೆಮ್ಮಿ ಹೋದ, ವರ್ಷ ತುಂಬುವುದರೊಳಗೆ ನನ್ನ ಮಗಳೂ ಹೋದಳು. ಅವರಿಗೆ ಇದ್ದದ್ದು ಎಚ್‌ಐವಿ ಅಂತ ನಮಗೆ ಗೊತ್ತಾದದ್ದು ಎಷ್ಟೋ ದಿನ ಆದ ಮೇಲೆ. ನೀಲಾಳ ಬಾಯಿ ತುಂಬ ಹುಣ್ಣಾಗಿ, ಜ್ವರ ಬಿಡದೆ, ಮಡಗಾಂವದ ದೊಡ್ಡಾಸ್ಪತ್ರೆಯಲ್ಲಿ ರಕ್ತ ತೆಗೆದು ನೋಡಿದಾಗ ಹೇಳಿದರು, ಇದು ತಾಯಿಯಿಂದ ಬಂದದ್ದು ಅಂತ. ಅಳುತ್ತಾ ಕೂರಲು ಪುರುಸೊತ್ತು ಇರಲಿಲ್ಲ. ಸ್ಲ್ಯಾಬು ಹಾಕುವ ಕಾಲ ಅದು.

ದೀಪಾವಳಿ ಆದ ಮೇಲೆ ಗುಳಿಗೆ ಶುರುವಾಯಿತು. ದಿನಕ್ಕೆ ಎರಡು ಹೊತ್ತು. ನಾನು ಬೆಳಕು ಹರಿಯುವ ಮೊದಲೇ ನೀರು ಹಿಡಿದು, ರೊಟ್ಟಿ ಬಡಿದು, ಕೆಲಸಕ್ಕೆ ಓಡುವವಳು. ಅದಕ್ಕೆ ಬೆಳಗಿನ ಗುಳಿಗೆ ಮುದುಕನ ಪಾಲಿಗೆ, ಸಂಜೆಯದು ನನ್ನ ಪಾಲಿಗೆ. ತಿಂಗಳಿಗೊಮ್ಮೆ ಕೂಸನ್ನು ಕರೆದುಕೊಂಡು ಮಡಗಾಂವಕ್ಕೆ ಹೋಗಿ ಹೊಸ ಡಬ್ಬಿ ತರಬೇಕು.

ಆ ಆಸ್ಪತ್ರೆಯಲ್ಲಿ ಮಕ್ಕಳ ಗುಳಿಗೆ ಕೊಡುವ ಬಾಗಿಲ ಮುಂದೆ ಒಂದು ಉದ್ದ ಬೆಂಚು ಇತ್ತು. ಅದರ ಮೇಲೆ ಕುಳಿತವರನ್ನು ನೋಡಿದರೆ ಗೋವಾ ಪೂರ್ತಿ ನೋಡಿದ ಹಾಗೆ. ಮುರ್ಮುಗಾಂವ್ ಬಂದರಿನಲ್ಲಿ ಮೂಟೆ ಹೊರುವವನ ಮಗ, ಮೀನು ಮಾರುವವಳ ಮೊಮ್ಮಗಳು, ಹಡಗಿನಲ್ಲಿ ಅಡುಗೆ ಮಾಡಿ ಬಂದವನ ಇಂಗ್ಲಿಷ್ ಮಾತಾಡುವ ಮಕ್ಕಳು, ಅನಾಥಾಶ್ರಮದಿಂದ ಸಾಲಾಗಿ ಬರುವ ಬೋಳುತಲೆಯ ಹುಡುಗಿಯರು. ಈ ಜಡ್ಡಿಗೆ ಬಡವ ಶ್ರೀಮಂತ ಎಂಬ ಭೇದ ಇಲ್ಲ ಅಂತ ಗೋಡೆಯ ಮೇಲೆ ಬರೆದಿದ್ದರಂತೆ. ಜಡ್ಡಿಗೆ ಇಲ್ಲದಿರಬಹುದು, ಆ ಬೆಂಚಿಗೆ ಬರುವ ದಾರಿಗೆ ಇತ್ತು. ನಾವು ಕೂಲಿ ಕಳೆದುಕೊಂಡು ಬರುತ್ತಿದ್ದೆವು, ಉಳ್ಳವರು ಮುಖ ಮುಚ್ಚಿಕೊಂಡು ಬರುತ್ತಿದ್ದರು. ನಮಗೆ ಬಸ್ಸು ತಪ್ಪುವ ಹೆದರಿಕೆ, ಅವರಿಗೆ ಯಾರಾದರೂ ಗುರುತು ಹಿಡಿಯುವ ಹೆದರಿಕೆ. ಕನ್ನಡ ಕಿವಿಗೆ ಬಿದ್ದರೆ ಸಾಕು, ತಲೆಯ ಮೇಲಿನ ಸೆರಗು ಮೂಗಿನ ತನಕ ಎಳೆದುಕೊಳ್ಳುವ ಒಬ್ಬ ಹೆಣ್ಣುಮಗಳು ಇದ್ದಳು. ಹೆಸರು ಶಿವಲೀಲಾ. ಧಾರವಾಡದ ಕಡೆಯವರು, ವಾಸ್ಕೋದಲ್ಲಿ ದೊಡ್ಡ ಕಿರಾಣಿ ವ್ಯಾಪಾರ. ಗಂಡ ತೀರಿಕೊಂಡಿದ್ದ. ಮಗಳಿಗೆ ನೀಲಾಳದೇ ಜಡ್ಡು, ಆದರೆ ಓಣಿಯಲ್ಲಿ ಹೇಳುವುದು ರಕ್ತ ಕಡಿಮೆ ಅಂತ.

ಮಳೆಗೆ ಇನ್ನೂ ಸ್ವಲ್ಪ ದಿನ ಇರುವಾಗ ಹೊಸ ಡಬ್ಬಿಗೆ ಹೋದೆ. ಗುಳಿಗೆ ಕೊಡುವವಳು ಸಿಸ್ಟರ್ ಲವೀನಾ, ಗೋವಾದವಳೇ. ನಮ್ಮ ಜನರ ಜೊತೆ ಜಗಳಾಡಿ ಜಗಳಾಡಿ ಕನ್ನಡ ಕಲಿತವಳು. ಅದುವರೆಗೆ ಯಾರೂ ಕೇಳದಿದ್ದ ಹಳೆಯ ಡಬ್ಬಿ ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದಳು.

"ಅಜ್ಜಿ, ಹೆಂ ಕಿತೆಂ, ಏನಿದು? ಇಷ್ಟು ಗುಳಿಗಿ ಹ್ಯಾಂಗ ಉಳದಾವ?"

"ನೀವಽ ಜಾಸ್ತಿ ಹಾಕೀರಿ" ಅಂದೆ. ಖರೆಯೆಂದರೆ ನಾನು ಹಾಗೆಯೇ ತಿಳಿದಿದ್ದೆ, ಸಂತೆಯಲ್ಲಿ ಕಾಯಿಪಲ್ಯದವಳು ಕೊಸರು ಹಾಕುವ ಹಾಗೆ ಸರಕಾರವೂ ಒಂದು ಹಿಡಿ ಮೇಲೆ ಹಾಕಿದೆ ಅಂತ.

"ನಾ ಎಣಿಸಿ ಹಾಕೀನಿ. ನೀವು ಕೊಟ್ಟಿಲ್ಲ."

"ಸತ್ತ ಮಗಳ ಆಣಿ, ಒಂದ ಹೊತ್ತರ ತಪ್ಪಿಸಿಲ್ರಿ."

"ಆಣಿ ಗೀಣಿ ನನಗ ಬ್ಯಾಡ. ಆಣಿಗಿ ಕೌಂಟ್ ಏರಂಗಿಲ್ಲ."

ಕೌಂಟ್ ಅಂದರೆ ರಕ್ತದಲ್ಲಿ ಜಡ್ಡಿನ ಜೊತೆ ಗುದ್ದಾಡುವ ಕಣಗಳ ಲೆಕ್ಕ. ನೀಲಾಳದು ಏರುವುದು ಬಿಟ್ಟು ಇಳಿದಿತ್ತು. ಒಳಗೆ ಹೆಣ್ಣು ಡಾಕ್ಟರು, ನಾವು ಡಾಕ್ಟರ್ ಬಾಯಿ ಅನ್ನುತ್ತಿದ್ದವರು, ಕೂರಿಸಿಕೊಂಡು ಹೇಳಿದರು: ಬಿಟ್ಟು ಬಿಟ್ಟು ಕೊಟ್ಟರೆ ಈ ಗುಳಿಗೆಗೆ ಜಡ್ಡು ಹೆದರುವುದು ಬಿಡುತ್ತದೆ. ಆಮೇಲೆ ಬೇರೆ ಮದ್ದು ಬೇಕು, ಅದು ಇಲ್ಲಿ ಸಿಗುವುದಿಲ್ಲ, ಮುಂಬೈಗೆ ಅಲೆಯಬೇಕು. ಮಳೆಗಾಲ ಮುಗಿಯುವ ತನಕ ಒಂದೂ ತಪ್ಪದಂತೆ ಕೊಡಿ, ಆಮೇಲೆ ರಕ್ತ ನೋಡೋಣ. ಆಗಲೂ ಏರದಿದ್ದರೆ ಇಲ್ಲಿ ನಮ್ಮ ಕೈಯಲ್ಲಿ ಏನೂ ಇಲ್ಲ.

ಶೆಡ್ಡಿಗೆ ಬಂದಾಗ ಮುದುಕ ಬಾಗಿಲಲ್ಲಿ ಬೀಡಿ ಸೇದುತ್ತ ಕುಳಿತಿದ್ದ. ನಾನು ಚೀಲ ಕೆಳಗೂ ಇಡಲಿಲ್ಲ.

"ಬೆಳಿಗ್ಗಿ ಕೂಸಿಗೆ ಗುಳಿಗಿ ಕೊಡ್ತೀರೋ ಇಲ್ಲೋ?"

"ಕೊಡ್ತೇನಿ. ಸೋಮವಾರ ಒಂದ ಬಿಟ್ಟು."

"ಸೋಮವಾರ ಯಾಕ ಬಿಟ್ಟು?"

ನಾನೇ ಹುಚ್ಚಿ ಎನ್ನುವ ಹಾಗೆ ನನ್ನ ಮುಖ ನೋಡಿದ. "ಬಸವಣ್ಣನ ದಿನ. ಎತ್ತಿನ ಹೆಗಲಿಗೇ ನೊಗಾ ಇಡಂಗಿಲ್ಲ, ಇನ್ನ ಈ ಕೂಸಿನ ಮ್ಯಾಲೆ ಅಂಥಾ ಉರಿ ಗುಳಿಗಿ ಹೇರೂದೇನು? ಅದನ್ನ ತಿಂದ ಮ್ಯಾಲೆ ಹ್ಯಾಂಗ ಬಾಡತೈತಿ ನೋಡಿಯಿಲ್ಲೋ? ವಾರಕ್ಕೊಂದ ದಿನ ದಣಿವಾರಿಸ್ಕೊಳ್ಳಲಿ ಅಂತ ಬಿಡ್ತೇನಿ."

ಎಳೆಯ ಪ್ರಾಯದಿಂದ ಮಂದಿಯ ಹೊಲದಲ್ಲಿ ಗಳೆ ಹೊಡೆದವನು. ಮಳೆ ಹದ ತಪ್ಪಿದರೂ, ಗೌಡರು ಬೈದರೂ, ಸೋಮವಾರ ಎತ್ತು ಹೂಡಿದವನಲ್ಲ. ಅಂಥವನು ಕೂಸಿನ ಮೇಲಿನ ಕಕ್ಕುಲಾತಿಗೆ ವಾರ ವಾರ ಗುಳಿಗೆ ಉಳಿಸಿದ್ದ. ನಾನು ಬೈದೆ. ಡಾಕ್ಟರ್ ಬಾಯಿ ಹೇಳಿದ್ದೆಲ್ಲ ಹೇಳಿದೆ. ಅವನು ಬೀಡಿ ಆರಿಸಿ, "ಡಾಕ್ಟರಿಗೇನ ಗೊತ್ತು ಬಸವಣ್ಣ" ಅಂದು ಗೋಡೆಯ ಕಡೆ ತಿರುಗಿ ಮಲಗಿದ.

ಮಾರನೆಯ ದಿನವೂ ನಮಗೆ ಮಾತಿಲ್ಲ. ಸಂಜೆ ರೊಟ್ಟಿ ಬಡಿಯುವಾಗ ನೀಲಾ ಪಕ್ಕದಲ್ಲಿ ಕುಳಿತು ಹಿಟ್ಟಿನ ಉಂಡೆ ಮಾಡುತ್ತ, "ಅಜ್ಜಾ, ನಾ ಎತ್ತಲ್ಲ. ಆಕಳ" ಅಂದಳು. ಮುದುಕ ನಕ್ಕ. ನನಗೆ ನಗು ಬರಲಿಲ್ಲ, ಬೇರೆಯೇ ಒಂದು ಹೊಳೆಯಿತು. ಅವನ ತಾಟಿಗೆ ರೊಟ್ಟಿ ಹಾಕುತ್ತ ಕೇಳಿದೆ:

"ಸೋಮವಾರ ಎತ್ತಿಗೆ ನೊಗಾ ಇಡಂಗಿಲ್ಲ. ಖರೇ. ಮೇವು ಹಾಕ್ತಿದ್ರೋ ಇಲ್ಲೋ?"

"ಹಾಕದಽ ಬಿಡ್ತಾರೇನು? ಸೋಮವಾರ ಒಂದ ಸೂಡು ಜಾಸ್ತಿ ಹಾಕ್ತಿದ್ದೆ."

"ನೀರು?"

"ಮೈ ತೊಳದು ಕುಡಿಸ್ತಿದ್ದೆ. ಏನ ಕೇಳತಿ ನೀ?"

"ಹಂಗಾರ ಕೇಳ್ರಿ. ಕೂಸಿನ ಹೆಗಲ ಮ್ಯಾಲಿನ ನೊಗಾ ಯಾವುದು? ಆ ಜಡ್ಡು. ಅದು ಸೋಮವಾರ ಇಳಿತೈತೇನು? ಗುಳಿಗಿ ಕೂಸಿನ ಮೇವು. ನೀವು ನೊಗಾ ಹಂಗಽ ಬಿಟ್ಟು ಮೇವು ಕಸಗೊಳ್ಳಾಕತ್ತೀರಿ. ಬಸವಣ್ಣ ಮೆಚ್ಚತಾನೇನು?"

ರೊಟ್ಟಿ ಮುರಿದ ಕೈ ಹಾಗೆಯೇ ನಿಂತಿತು. ನೀಲಾಳ ಮುಖ ನೋಡಿದ. ಮುಂದಿನ ಸೋಮವಾರ ನಾನು ನೀರು ತರುವುದರೊಳಗೆ ಅವನು ಕೂಸನ್ನು ಎಬ್ಬಿಸಿ, ಮೈ ತೊಳೆಸಿ, ವಿಭೂತಿ ಹಚ್ಚಿ, ರೇಡಿಯೋ ಹಚ್ಚಿಕೊಂಡು ಕುಳಿತಿದ್ದ. ಬೆಳಗಿನ ವಾರ್ತೆ ಶುರುವಾಗುವುದೇ ಗುಳಿಗೆಯ ಹೊತ್ತು. ವಾರ್ತೆ ಓದುವವನು ನಮಸ್ಕಾರ ಅಂದದ್ದೇ ಇವನು ನೀಲಾಳ ಬಾಯಿ ತೆರೆಸಿದ.

ಅರ್ಧ ಗೆದ್ದೆ. ಇನ್ನರ್ಧ ಉಳಿದಿತ್ತು.

ಗೋವಾದಲ್ಲಿ ಮಿರಗದ ಮಳೆ ಬಿತ್ತೆಂದರೆ ಕಟ್ಟಡದ ಕೆಲಸ ನಿಲ್ಲುತ್ತದೆ. ನಮ್ಮ ಕಡೆಯವರು ಗಂಟು ಕಟ್ಟಿಕೊಂಡು ಬಿತ್ತಲು ಊರಿಗೆ ಹೋಗುತ್ತಾರೆ, ಮಾನವಮಿ ಮುಗಿಸಿ ಬರುತ್ತಾರೆ. ನಾವೂ ಒಂದು ವರ್ಷವೂ ತಪ್ಪಿಸಿದವರಲ್ಲ. ಊರಲ್ಲಿ ನಮ್ಮದೊಂದು ತುಂಡು ಹೊಲ, ಅಣ್ಣನ ಮಗನ ಎತ್ತು. ಮುದುಕ ವರ್ಷವಿಡೀ ಸಿಮೆಂಟು ಕಾಯುತ್ತಿದ್ದದ್ದು ಆ ಕೆಲವು ದಿನ ಎತ್ತಿನ ಬಾಲ ಹಿಡಿಯುವುದಕ್ಕಾಗಿ. ವಿಜಯಪುರದಲ್ಲೂ ಇದೇ ಗುಳಿಗೆ ಸಿಗುತ್ತದೆ, ಚೀಟಿ ಬರೆದು ಕೊಡುತ್ತೇವೆ ಎಂದು ಸಿಸ್ಟರ್ ಹೇಳಿದ್ದಳು. ಸಿಗಬಹುದು. ಆದರೆ ನಮ್ಮ ಹಳ್ಳಿಯಿಂದ ಅಲ್ಲಿಗೆ ಹೋಗುವುದು ಒಂದೇ ಬಸ್ಸು, ಅದರಲ್ಲಿ ಇಡೀ ಊರು ಇರುತ್ತದೆ. ನಾನು ತಿರುಗಿ ಬರುವುದರೊಳಗೆ ಸುದ್ದಿ ಮನೆ ಮುಟ್ಟಿ, ಕೂಸಿನ ತಾಟು ದನದ ಕೊಟ್ಟಿಗೆಗೆ ಹೋಗಿರುತ್ತದೆ. ಅಂಥ ಮನೆಯಲ್ಲಿ ಎರಡು ಹೊತ್ತು ಗುಳಿಗೆ ತಿನ್ನಿಸುವುದು ಆಗದ ಮಾತು.

ಸಾಂಕೋಲೆಯ ನಮ್ಮ ಶೆಡ್ಡುಗಳಲ್ಲೇ ಶುರುವಾಗಿತ್ತಲ್ಲ. ನಳದ ಹತ್ತಿರ ಕಲ್ಲವ್ವ ಅಂತ ಒಬ್ಬಳು, ನಮ್ಮ ಪಕ್ಕದೂರಿನವಳು, ಯಾವ ಜಡ್ಡೆಂದು ಗೊತ್ತಿಲ್ಲದಿದ್ದರೂ ಬಾಯಿಯ ಹುಣ್ಣು ನೋಡಿ, ನೀಲಾ ಕೊಡ ಇಟ್ಟರೆ ಕಾಲಿನಿಂದ ಸರಿಸುತ್ತಿದ್ದಳು. "ಆ ಕೂಸಿನ ಕೊಡಾ ಕಡೀಕ ಹಚ್ಚ ಗಂಗವ್ವ, ನಮ್ಮ ಮಕ್ಕಳೂ ಇದಽ ನೀರು ಕುಡಿತಾವ." ನಾನು ಅವಳ ಕೊಡವನ್ನು ಗಟಾರಕ್ಕೆ ಒದ್ದು ಬಂದಿದ್ದೆ. ಒಂದು ದಿನ ಒದೆಯಬಹುದು, ದಿನಾ ಒದೆಯಲು ಆಗುವುದಿಲ್ಲ.

"ಈ ವರ್ಷ ಊರು ಬ್ಯಾಡ" ಅಂದೆ ಮುದುಕನಿಗೆ.

"ಬಿತ್ತಿಗೆ?"

"ಅಣ್ಣನ ಮಗ ಬಿತ್ತತಾನ."

"ಅಂವಗ ಕೂರಿಗಿ ಹಿಡಿಯಾಕ ಬರಂಗಿಲ್ಲ, ಸಾಲು ಸೊಟ್ಟ ಹೋಗ್ತಾವ."

"ಹೋಗಲಿ. ಜ್ವಾಳಾ ಸೊಟ್ಟ ಬೆಳಿಯಂಗಿಲ್ಲ."

ಅವನು ಹೊರಗೆ ಹೋಗಿ ಮೋಡ ನೋಡುತ್ತ ನಿಂತ. ಒಳಗೆ ಬಂದು ಕಟ್ಟಿದ್ದ ಗಂಟು ಬಿಚ್ಚಿದ. ಅಷ್ಟೇ.

ಎಲ್ಲರೂ ಹೋದರು. ಮಳೆ ಬಂತು, ಶೆಡ್ಡುಗಳು ಖಾಲಿಯಾದವು, ನಳ ನಮ್ಮೊಬ್ಬರದೇ ಆಯಿತು. ನೀಲಾ ಮೂರು ಕೊಡ ಸಾಲಾಗಿ ಇಟ್ಟು ನಡುವೆ ಕುಣಿದಳು. ಆದರೆ ಕೆಲಸ ಇಲ್ಲ, ಒಲೆ ಹೊತ್ತಬೇಕಲ್ಲ. ಬೆಂಚಿನ ಮೇಲೆ ಕುಳಿತಿದ್ದ ಶಿವಲೀಲಾ, ನಾನು ಊರಿಗೆ ಹೋಗುವುದಿಲ್ಲ ಎಂದು ಸಿಸ್ಟರ್‌ಗೆ ಹೇಳಿದ್ದನ್ನು ಕೇಳಿಸಿಕೊಂಡಿದ್ದಳು. ಸೆರಗಿನೊಳಗಿನಿಂದಲೇ ಮಾತಾಡಿಸಿದಳು.

"ಅಜ್ಜೀ, ಗೋದಾಮಿನ್ಯಾಗ ಕಾಳು ಹಸನ ಮಾಡಾಕ ಬರ್ತೀರೇನ್ರಿ? ಆದ್ರ ನನ್ನ ಇಲ್ಲಿ ನೋಡೀನಿ ಅಂತ…"

"ಬಸ್ನ್ಯಾಗ ಗುರತಾತು ಅಂತೀನಿ."

"ನಾ ಬಸ್ಸು ಹತ್ತಂಗಿಲ್ರಿ."

"ಹಂಗಾರ ಗುಡಿಯಾಗ ಅಂತೀನಿ. ಗುಡಿಗೆ ಹೋಗ್ತೀರಿಲ್ಲೋ?"

ಸೆರಗಿನ ಒಳಗೆ ನಕ್ಕದ್ದು ಕೇಳಿಸಿತು. ಮಳೆಗಾಲ ಪೂರ್ತಿ ನಾನು ವಾಸ್ಕೋದ ಆ ಗೋದಾಮಿನಲ್ಲಿ ತೊಗರಿ, ಕಡಲೆ ಹಸನ ಮಾಡಿದೆ. ಅವಳ ಅತ್ತೆ ಬಿಗಿಯಾದ ಹೆಂಗಸು, ಕೈಯಲ್ಲಿ ಜಪಸರ, ಕಣ್ಣು ಮೊರದ ಮೇಲೆ. "ಈ ಮುದುಕಿನ್ನ ಎಲ್ಲಿಂದ ಹಿಡಕೊಂಡ ಬಂದಿ?" ಅಂತ ಸೊಸೆಯನ್ನು ಕೇಳಿದರೆ, ನಾನೇ "ಗುಡಿಯಿಂದ್ರಿ" ಅನ್ನುತ್ತಿದ್ದೆ.

ಆಷಾಢದಲ್ಲಿ ಒಮ್ಮೆ ಮಳೆ ಹಿಡಿದದ್ದು ಬಿಡಲೇ ಇಲ್ಲ. ಗುಡ್ಡದ ಕೆಂಪು ನೀರು ಶೆಡ್ಡಿನೊಳಗೆ ಬಂದು ಕಲ್ಲಿನ ಮೇಲಿಟ್ಟಿದ್ದ ಹಾಸಿಗೆಯನ್ನೂ ಮುಟ್ಟಿತು. ಗುಳಿಗೆ ಡಬ್ಬಿ ಮುದುಕನ ಅಂಗಿಯ ಒಳಗೆ. ಅಂಥ ಹೊತ್ತಿನಲ್ಲೇ ಡಬ್ಬಿ ತಳ ಕಂಡಿತು. ಆ ದಿನ ಹೋಗಿ ತರದಿದ್ದರೆ ಸಂಜೆಗೆ ಇಲ್ಲ. ರಸ್ತೆಗೆ ಮರ ಬಿದ್ದು ಬಸ್ಸು ನಿಂತಿದ್ದವು. ಮುದುಕ ಸೊಂಟಕ್ಕೆ ಪಂಚೆ ಬಿಗಿದು, ನೀಲಾಳನ್ನು ಹೆಗಲ ಮೇಲೆ ಕೂರಿಸಿಕೊಂಡು, "ವೆರ್ಣಾ ತನಕ ನಡಿಯೂಣು, ಅಲ್ಲಿಂದ ಏನರ ಸಿಗತೈತಿ" ಅಂದ. ನಡೆದೆವು. ಕೂಸಿನ ಮೇಲೆ ತಾಡಪತ್ರಿಯ ತುಂಡು, ನಮ್ಮ ಮೇಲೆ ಮಳೆ. ವೆರ್ಣಾದಲ್ಲೂ ಏನೂ ಸಿಗಲಿಲ್ಲ. ಸೊಂಟ ನೋವಿಗೆ ಅವನು ಹಲ್ಲು ಕಚ್ಚಿದ್ದು ಕಾಣುತ್ತಿತ್ತು. ಇಳಿಸಿ ಎಂದರೆ ಇಳಿಸುವವನಲ್ಲ.

ಬಿದ್ದ ಮರ ತಪ್ಪಿಸಿ ಒಳದಾರಿ ಸುತ್ತಿಕೊಂಡು ಒಂದು ಕಾರು ಹಿಂದಿನಿಂದ ಬಂದು ನಿಂತಿತು. ಗಾಜು ಇಳಿಯಿತು. ಶಿವಲೀಲಾ.

"ಹತ್ತ್ರಿ ಅಜ್ಜೀ ಒಳಗ."

"ಕೆಸರ ಆಗೇದ್ರಿ ಮೈಯೆಲ್ಲಾ."

"ತೊಳದ್ರ ಹೋಗತೈತಿ. ಹತ್ತ್ರಿ."

ಕಾರು ಓಡಿಸುವವನು ಅವಳ ಮಾವನ ಕಾಲದ ಆಳು. ಅವನಿಗೆ ಗೊತ್ತಾಗಬಾರದೆಂದು ಅವಳು ಪ್ರತಿ ಸಲ ಮಡಗಾಂವದ ಮಾರ್ಕೆಟ್ಟಿನಲ್ಲಿ ಇಳಿದು ರಿಕ್ಷಾ ಹಿಡಿಯುತ್ತಿದ್ದಳಂತೆ. ಆ ದಿನವೂ ಅವನು ಕೇಳಿದ, "ಮಾರ್ಕೆಟ್ಟಿಗೇನ್ರಿ ಅಕ್ಕಾರ?"

ಶಿವಲೀಲಾ ನಮ್ಮನ್ನೊಮ್ಮೆ ನೋಡಿದಳು. ಒದ್ದೆ ಕೋಳಿಗಳ ಹಾಗೆ ಕುಳಿತಿದ್ದೆವು. ಅವಳ ಮಗಳೂ ನೀಲಾಳೂ ಆಗಲೇ ಗಾಜಿನ ಮೇಲೆ ಬೆರಳಿನಿಂದ ಚಿತ್ರ ಬರೆಯುತ್ತಿದ್ದರು.

"ಇಲ್ಲಪ್ಪ, ದೊಡ್ಡಾಸ್ಪತ್ರಿಗೆ. ಗೇಟಿನೊಳಗ ಹೋಗು. ಎಚ್‌ಐವಿ ಮಕ್ಕಳ ಗುಳಿಗಿ ಕೊಡ್ತಾರಲ್ಲ, ಆ ಬಾಗಲ ಮುಂದ ನಿಲ್ಲಸು."

ಅವನು ಗಾಡಿ ಗೇಟಿನೊಳಗೆ ತಿರುಗಿಸಿದ. ಅಲ್ಲೇ ನಿಲ್ಲಿಸಿದ, ಕೊಡೆ ಹಿಡಿದು ಮಕ್ಕಳನ್ನು ಇಳಿಸಿದ. ಸಿಸ್ಟರ್ ಲವೀನಾ ನಮ್ಮನ್ನು ನೋಡಿ, "ಸಾಯಬಾ, ದೇವರಽ! ಈ ಮಳಿಯಾಗ ಹ್ಯಾಂಗ ಬಂದ್ರಿ?" ಅಂದಳು. ಖಾಲಿ ಡಬ್ಬಿ ಅಲ್ಲಾಡಿಸಿದಳು. ಸದ್ದೇ ಇಲ್ಲ. ಮುದುಕನ ಕಡೆ ನೋಡಿ ಹೆಬ್ಬೆರಳು ಎತ್ತಿದಳು. ಅವನು ಮೀಸೆ ಹಿಂಡಿಕೊಂಡ, ನೀರು ಇಳಿಯಿತು.

ಆ ವಾರ ಆ ಆಳಿನಿಂದ ಸುದ್ದಿ ಅತ್ತೆಗೆ ಮುಟ್ಟಿ, ಶಿವಲೀಲಾಳ ಮನೆಯಲ್ಲಿ ಪಾತ್ರೆಗಳು ಜೋರಾಗಿ ಬಿದ್ದವು, ಹಿಂದಿನ ಗೋದಾಮಿಗೂ ಕೇಳಿಸಿತು. ಮಾರನೆಯ ತಿಂಗಳು ಬೆಂಚಿನ ಹತ್ತಿರ ಹೋದರೆ ಆ ಅತ್ತೆಯೇ ಮೊಮ್ಮಗಳ ಕೈ ಹಿಡಿದು ಕುಳಿತಿದ್ದಾಳೆ, ಜಪಸರದ ಸಮೇತ. ನನ್ನನ್ನು ನೋಡಿ ಸ್ವಲ್ಪ ಹೊತ್ತು ತಲೆ ತಗ್ಗಿಸಿದಳು. ಆಮೇಲೆ ಸರಿದು ಜಾಗ ಮಾಡಿದಳು.

"ಬಾ ಕೂಡು. ಇದಽ ಏನು ನಿನ್ನ ಗುಡಿ?"

"ಹೌದ್ರಿ" ಅಂದೆ.

ಮಳೆ ಇಳಿಯುತ್ತ ಬಂದ ಹಾಗೆ ನೀಲಾ ತಿನ್ನಲು ಶುರು ಮಾಡಿದಳು. ಮೊದಲು ಬಾಯಿಯ ಹುಣ್ಣು ಹೋದವು, ಆಮೇಲೆ ರೊಟ್ಟಿ ಉಳಿಯುವುದು ನಿಂತಿತು, ಆಮೇಲೆ ನನ್ನ ಪಾಲಿನದೂ ಉಳಿಯಲಿಲ್ಲ. ಲಂಗ ಮೊಣಕಾಲಿಗೆ ಏರಿತು. ಮುದುಕ ಅವಳನ್ನು ಸಿಮೆಂಟು ಕೋಣೆಯ ಕಂಬಕ್ಕೆ ನಿಲ್ಲಿಸಿ ಇದ್ದಿಲಿನಿಂದ ಗೆರೆ ಎಳೆಯುವನು. ನನಗೆ ಆಸೆ ಇಟ್ಟುಕೊಳ್ಳಲು ಮನಸ್ಸಿರಲಿಲ್ಲ. ಹೊರಗೆ ಮೈ ತುಂಬಿ ಒಳಗೆ ರಕ್ತ ಸೋತವರನ್ನೂ ನೋಡಿದ್ದೆ.

ಮಾನವಮಿಯ ಹೊತ್ತಿಗೆ ರಕ್ತ ಕೊಟ್ಟೆವು. ಲೆಕ್ಕ ಕೇಳಲು ಮೂವರೂ ಹೋದೆವು. ಬಾಗಿಲು ತೆರೆದದ್ದೇ ನೀಲಾ ಒಳಗೆ ನುಗ್ಗಿ ಡಾಕ್ಟರ್ ಬಾಯಿಯನ್ನು ಕೇಳಿದಳು, "ಪಾಸೋ ಫೇಲೋ?"

ಡಾಕ್ಟರ್ ಬಾಯಿ ಕಾಗದ ನೋಡಿದರು, ಹಳೆಯದನ್ನೂ ನೋಡಿದರು, ಕನ್ನಡಕ ತೆಗೆದರು. "ಫಸ್ಟ್ ಕ್ಲಾಸ್" ಅಂದರು. ಏರಿತ್ತು. ಹಿಂದಿನದಕ್ಕಿಂತ ದುಪ್ಪಟ್ಟು ದಾಟಿತ್ತು. ಮುಂಬೈ ಬೇಡ, ಬೇರೆ ಮದ್ದು ಬೇಡ, ಇದೇ ಗುಳಿಗೆ ಸಾಕು. ಸಿಸ್ಟರ್ ಲವೀನಾ ಅವಳನ್ನು ತಕ್ಕಡಿಯ ಮೇಲೆ ನಿಲ್ಲಿಸಿ, ಮುಳ್ಳು ನೋಡಿ, ಕೊಂಕಣಿಯಲ್ಲಿ ಕೂಗಿಕೊಂಡಳು. ಬೆಂಚಿನವರೆಲ್ಲ ಎದ್ದು ಬಂದರು. ಮೀನಿನವಳು ನನ್ನ ಬೆನ್ನಿಗೆ ಗುದ್ದಿದಳು, ಶಿವಲೀಲಾಳ ಅತ್ತೆ ಚೀಲದಲ್ಲಿದ್ದ ಬೆಲ್ಲ ಮುರಿದು ಎಲ್ಲರ ಬಾಯಿಗೂ ಹಾಕಿದಳು. ಹಡಗಿನವನ ಮಕ್ಕಳ ಬಾಯಿಗೂ. ಮುದುಕ ಗೋಡೆಗೆ ಒರಗಿ ನಿಂತು ಟವೆಲ್ಲಿನಿಂದ ಮುಖ ಒರೆಸಿದ್ದೇ ಒರೆಸಿದ್ದು. "ಅಳಾಕ ಹತ್ತೀರೇನು?" ಅಂದೆ. "ಸೆಕಿ ಐತಿ" ಅಂದ. ಸೆಕೆ ಎಲ್ಲಿಂದ, ಮೇಲೆ ಪಂಖ ತಿರುಗುತ್ತಿತ್ತು.

ಈಗ ಅವಳಿಗೆ ಇಪ್ಪತ್ತೊಂದು. ನನಗಿಂತ ಒಂದು ಗೇಣು ಎತ್ತರ. ಕಂಪನಿಯಲ್ಲಿ ಶಿಫ್ಟು ಮಾಡುತ್ತಾಳೆ, ದಪ್ಪ ಆಗುತ್ತೇನೆಂದು ಅನ್ನ ಬಿಡುತ್ತಾಳೆ, ನಾನು ಬೈಯುತ್ತೇನೆ. ಗುಳಿಗೆ ಮಾತ್ರ ಬಿಟ್ಟಿಲ್ಲ.

ಫಸ್ಟ್ ಕ್ಲಾಸ್ ಆದ ಆ ಸಂಜೆ ಶೆಡ್ಡಿಗೆ ಬಂದರೆ ಊರಿಗೆ ಹೋದವರಲ್ಲಿ ಮೊದಲ ಗಾಡಿಯವರು ತಿರುಗಿ ಬಂದಿದ್ದರು. ಕಲ್ಲವ್ವ ನೀಲಾಳನ್ನು ಕೆಳಗಿನಿಂದ ಮೇಲಿನ ತನಕ ನೋಡಿ, "ಯವ್ವಾ, ಏನ ತಿನ್ನಿಸಿದಿಯವ್ವಾ ಗಂಗವ್ವ, ಗುರತಽ ಸಿಗವಲ್ಲದು" ಅಂದಳು.

"ಗೋವಾದ ಮಳಿ ಕುಡಿಸೀನಿ" ಅಂದೆ. "ನಿನ್ನ ಮಕ್ಕಳಿಗೂ ಬೇಕಂದ್ರ ಮುಂದಿನ ವರ್ಷ ಇಲ್ಲೇ ಇರು."

ಮರುದಿನ ಬೆಳಿಗ್ಗೆ ವಾರ್ತೆ ಮುಗಿದ ಮೇಲೆ ಮುದುಕನ ಗಂಟು ನಾನೇ ಕಟ್ಟಿದೆ. ಹಿಂಗಾರಿ ಜೋಳ ಬಿತ್ತುವ ಹದ, ಅಣ್ಣನ ಮಗನ ಫೋನು ಬಂದಿತ್ತು. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಅವನು ಡಬ್ಬಿ ಎಲ್ಲಿದೆ, ರೇಡಿಯೋದ ಬ್ಯಾಟರಿ ಎಲ್ಲಿದೆ ಅಂತ ಶುರು ಮಾಡಿದ. "ಹತ್ತ್ರಿ ಸುಮ್ನ, ಮಂದಿ ಕಾಯಾಕತ್ತೇತಿ" ಎಂದು ಒಳಗೆ ದಬ್ಬಿದೆ. ಅಲ್ಲಿಂದ ನೀಲಾಳನ್ನು ಕನ್ನಡ ಶಾಲೆಗೆ ಕರೆದುಕೊಂಡು ಹೋದೆ. ಮಾಸ್ತರು ವರ್ಷದ ನಡುವೆ ಸೇರಿಸಿಕೊಳ್ಳುವುದು ಹೇಗೆ ಅಂದರು. ಸೇರಿಸಿಕೊಳ್ಳುವ ತನಕ ಇಲ್ಲೇ ಕೂರುತ್ತೇನೆ ಅಂದೆ, ಕುಳಿತೆ, ಸೇರಿಸಿಕೊಂಡರು. ಅವಳು ಒಳಗೆ ಹೋಗಿ ಮುಂದಿನ ಸಾಲಿನಲ್ಲಿ ಕುಳಿತದ್ದನ್ನು ನೋಡಿ, ಸೀರೆ ಮೇಲೆ ಕಟ್ಟಿ, ಬುಟ್ಟಿ ತೆಗೆದುಕೊಂಡು ಕೆಲಸಕ್ಕೆ ಹೋದೆ.